ಮುಂದೆ ನೋಡಿ ಅಂದ ಮೇಷ್ಟ್ರು

ಮೇಷ್ಟ್ರು ಅಂದರೆ ಶಾಲೆ ಮೇಷ್ಟ್ರಲ್ಲ. ಸ್ಲೇಟಿನ ಮೇಲೆ ತಪ್ಪಾದರೆ ಅಳಿಸಬಹುದು, ರಸ್ತೆ ಮೇಲೆ ತಪ್ಪಾದರೆ ಅಳಿಸೋಕಾಗಲ್ಲ ಎಂದು ಹೊಸಬರಿಗೆಲ್ಲ ಮೊದಲ ದಿನವೇ ಹೇಳುತ್ತಿದ್ದ ಕಾರು ಮೇಷ್ಟ್ರು. ಇಪ್ಪತ್ತಾರು ವರ್ಷದಿಂದ ಊರಿಗೆಲ್ಲ ಕಾರು ಕಲಿಸಿದವರು. ಈಗ ಡಾಕ್ಟರಾಗಿರುವವರೂ ಒಂದು ಕಾಲದಲ್ಲಿ ಅವರ ಪಕ್ಕ ಕೂತು, ಕ್ಲಚ್ಚು ಯಾವುದು ಬ್ರೇಕು ಯಾವುದು ಎಂದು ತಿಳಿಯದೆ ಬೆವರಿದವರೇ.

ಅವರ ಸ್ಕೂಲು ಎಂದರೆ ಒಂದು ಕೋಣೆ, ಒಂದು ಮೇಜು, ಗೋಡೆ ತುಂಬ ರಸ್ತೆ ಚಿಹ್ನೆಗಳ ಪಟ, ಹೊರಗೆ ನಿಂತ ಒಂದು ಬಿಳಿ ಕಾರು. ಆ ಕಾರಿನ ಮೈಮೇಲೆ ಗೀರಿಲ್ಲದ ಜಾಗವನ್ನು ಹುಡುಕಬೇಕು. ಗೇಟಿಗೆ ಉಜ್ಜಿದವರು, ಕಂಬ ಮಾತಾಡಿಸಿದವರು, ರಿವರ್ಸಿನಲ್ಲಿ ಹೋಗಿ ಗೋಡೆಯ ಯೋಗಕ್ಷೇಮ ವಿಚಾರಿಸಿದವರು, ಎಲ್ಲರ ರುಜುವೂ ಅದರ ಮೇಲಿತ್ತು. ಪಕ್ಕದ ಕನ್ನಡಿಯಂತೂ ಎರಡು ಮೂರು ತಿಂಗಳಿಗೊಂದು ಹೋಗುತ್ತಿತ್ತು. ಹಾಗಾಗಿ ಕಪಾಟಿನಲ್ಲಿ ಒಂದೆರಡು ಕನ್ನಡಿ ಸದಾ ಇಟ್ಟಿರುತ್ತಿದ್ದರು. ಸ್ಕ್ರೂಡ್ರೈವರ್ ಹಿಡಿದರೆ ಹತ್ತು ನಿಮಿಷದ ಕೆಲಸ.

ಕಲಿಸುವ ಕಾರಿನಲ್ಲಿ ಪಕ್ಕದ ಸೀಟಿನ ಕೆಳಗೂ ಒಂದು ಬ್ರೇಕು ಇರುತ್ತದೆ. ಮೇಷ್ಟ್ರು ಅದನ್ನು ಒತ್ತಿದ್ದು ಅಪರೂಪ. ಮೇಷ್ಟ್ರ ಕಾಲು ನಂಬಿಕೊಂಡು ಕಲಿತವರು ಒಂಟಿಯಾಗಿ ಹೋದ ದಿನ ಗುದ್ದುತ್ತಾರೆ, ಕಾಲಲ್ಲಿ ಅಲ್ಲ ಬಾಯಲ್ಲಿ ಕಲಿಸಬೇಕು ಎಂಬುದು ಅವರ ಜಂಬ. ಪಾದಗಳನ್ನು ಸೀಟಿನಡಿಗೆ ಮಡಚಿಕೊಂಡೇ ಕೂರುತ್ತಿದ್ದರು. ಹೊಸಬರ ದೊಡ್ಡ ರೋಗವೆಂದರೆ ಹಿಂದೆ ತಿರುಗುವುದು. ಯಾರಾದರೂ ಹಾರನ್ ಹೊಡೆದರೆ, ಬೈದರೆ, ಪಕ್ಕದಲ್ಲೇನೋ ಸರಕ್ಕೆಂದರೆ ಕತ್ತು ಹಿಂದಕ್ಕೆ, ಕಾರು ಚರಂಡಿಗೆ. ಅದಕ್ಕೆ ಮೇಷ್ಟ್ರ ಬಳಿ ಒಂದೇ ಮಾತ್ರೆ: "ಹಿಂದೆ ನೋಡ್ಬೇಡಿ. ಮುಂದೆ ನೋಡಿ. ಹೋಗ್ತಾ ಇರಿ." ಈ ಮಾತನ್ನು ದಿನಕ್ಕೆ ಐವತ್ತು ಸಲ ಹೇಳಿ ಹೇಳಿ ನಾಲಿಗೆ ತಾನಾಗಿಯೇ ಹೇಳುವಂತಾಗಿತ್ತು. ಮನೆಯಲ್ಲಿ ಜಗಳವಾದರೆ ಅವರ ಹೆಂಡತಿಯೇ ಬಾಗಿಲು ತೋರಿಸಿ, "ಮುಂದೆ ನೋಡಿ, ಹೋಗ್ತಾ ಇರಿ" ಎನ್ನುತ್ತಿದ್ದರು.

ಅವತ್ತು ಬೆಳಿಗ್ಗೆ ಆರೂವರೆಗೆ ಸ್ಟೇರಿಂಗ್ ಹಿಡಿದವಳು ಬೇಕರಿ ಅಕ್ಕ. ಬೇಕರಿಯ ಕೌಂಟರಿನಲ್ಲಿ ನಿಂತು ನಿಂತು ಮಂಡಿ ನೋವು ಬಂದ ನಲವತ್ತರ ಹೆಂಗಸು. ಲೈಸೆನ್ಸು ತಂದರೆ ವ್ಯಾನು ಓಡಿಸುವ ಕೆಲಸ ನಿನಗೇ ಎಂದು ಮಾಲೀಕರು ಮಾತು ಕೊಟ್ಟಿದ್ದರು. ಟೆಸ್ಟಿಗೆ ಐದೇ ದಿನ ಉಳಿದಿತ್ತು. ಹೇಳಿದ್ದನ್ನು ಹೇಳಿದ ಹಾಗೆ ಮಾಡುವ ಇಂಥ ಶಿಷ್ಯೆ ಸಿಗುವುದು ಕಷ್ಟ ಎಂದು ಮೇಷ್ಟ್ರೇ ನಾಲ್ಕು ಜನರೆದುರು ಹೊಗಳಿದ್ದರು.

ಗೋದಾಮುಗಳ ಹಿಂದಿನ ರಸ್ತೆ. ಒಂದು ಕಡೆ ಉದ್ದಕ್ಕೆ ಗೋಡೆ, ಇನ್ನೊಂದು ಕಡೆ ಖಾಲಿ ಸೈಟುಗಳು. ಆ ಹೊತ್ತಿಗೆ ಅಲ್ಲಿ ನರಪಿಳ್ಳೆ ಇರುವುದಿಲ್ಲ ಎಂದೇ ಮೇಷ್ಟ್ರು ಹೊಸಬರನ್ನು ಅಲ್ಲಿಗೆ ಕರೆದೊಯ್ಯುತ್ತಿದ್ದರು. ಅಕ್ಕನಿಗೆ ಮೂರನೇ ಗೇರು ಸರಿಯಾಗಿ ಬೀಳುತ್ತಿರಲಿಲ್ಲ. ಅಂಗೈ ಹೇಗೆ ಹಿಡಿದಿದ್ದಾಳೆ ನೋಡೋಣವೆಂದು ಮೇಷ್ಟ್ರು ತಲೆ ಬಗ್ಗಿಸಿದರು. ಅಷ್ಟರಲ್ಲಿ ಅವರದೇ ಬದಿಯಲ್ಲಿ ಟಪ್ಪೆಂದು ಏನೋ ಬಡಿದು ಕನ್ನಡಿ ಮಡಚಿಕೊಂಡಿತು. ಹಿಂದೆಯೇ ಝಲ್ಲೆಂದು ಕಬ್ಬಿಣದ ಚೂರುಗಳನ್ನು ಸುರುವಿದಂಥ ಸದ್ದು.

"ಸಾರ್, ಏನೋ ತಗುಲ್ತು. ನಿಲ್ಲಿಸ್ಲಾ?" ಎಂದಳು ಅಕ್ಕ.

"ಹಿಂದೆ ನೋಡ್ಬೇಡಿ. ಮುಂದೆ ನೋಡಿ. ಹೋಗ್ತಾ ಇರಿ."

ಅಕ್ಕ ಹಿಂದೆ ನೋಡಲಿಲ್ಲ. ಒಳ್ಳೆಯ ಶಿಷ್ಯೆ, ಹೋಗುತ್ತಲೇ ಇದ್ದಳು.

ಮೇಷ್ಟ್ರ ಮುಂದೆ ಗಾಜಿಗೆ ಅಂಟಿಸಿದ ಇನ್ನೊಂದು ಪುಟ್ಟ ಕನ್ನಡಿಯಿತ್ತು. ಅದರಲ್ಲಿ ನೋಡಿದರು. ಅಡ್ಡ ಬಿದ್ದ ಸೈಕಲ್ಲು, ಪಕ್ಕದಲ್ಲಿ ಮುಖ ಕೆಳಗಾಗಿ ಮಲಗಿದ ಮನುಷ್ಯ, ಅವನ ಸುತ್ತ ರಸ್ತೆಯಲ್ಲಿ ಏನೋ ಹೊಳೆಯುತ್ತಿದ್ದ ಚೂರುಗಳು. ಸೀಟಿನಡಿಯ ಕಾಲು ಬ್ರೇಕಿನವರೆಗೆ ಹೋಯಿತು. ಅಲ್ಲೇ ನಿಂತಿತು, ವಾಪಸ್ಸು ಬಂತು. ಇಲ್ಲಿ ನಾನು ಮೇಷ್ಟ್ರ ಪರ ವಕಾಲತ್ತು ಮಾಡುವುದಿಲ್ಲ. ಮೊದಲ ಮಾತು ಬಾಯಿಚಾಳಿಯಿಂದ ಬಂದದ್ದು, ಒಪ್ಪೋಣ. ಎರಡನೇ ಮಾತು ಹಾಗಲ್ಲ. ಕಣ್ಣಾರೆ ಕಂಡ ಮೇಲೆ, ಸ್ಕೂಲು, ಲೈಸೆನ್ಸು, ಇಪ್ಪತ್ತಾರು ವರ್ಷದ ಹೆಸರು ಎಲ್ಲ ಒಟ್ಟಿಗೆ ಕಣ್ಮುಂದೆ ಬಂದ ಮೇಲೆ, ಬುದ್ಧಿ ಸ್ಥಿಮಿತದಲ್ಲಿಟ್ಟುಕೊಂಡೇ ಮೇಷ್ಟ್ರು ಹೇಳಿದ್ದು: "ಎಡಕ್ಕೆ ತಿರುಗಿಸಿ."

ಏನು ಸಾರ್ ಅದು ಎಂದು ಅಕ್ಕ ತಿರುವು ದಾಟಿದ ಮೇಲೆ ಕೇಳಿದಳು. ಯಾರೋ ಎಸೆದ ಖಾಲಿ ಡಬ್ಬ ಎಂದರು. ಆಕೆ ನಂಬಿದಳು. ಮೇಷ್ಟ್ರ ಮಾತನ್ನು ನಂಬದಿರಲು ಅವಳಿಗೆ ಆವರೆಗೆ ಕಾರಣವೇ ಸಿಕ್ಕಿರಲಿಲ್ಲ.

ಆಕೆಯನ್ನು ಬೇಕರಿಯ ಹತ್ತಿರ ಇಳಿಸಿ, ಸ್ಕೂಲಿಗೆ ಬಂದು, ಕಪಾಟಿನಿಂದ ಹೊಸ ಕನ್ನಡಿ ತೆಗೆದು ಕೂರಿಸಿದರು. ಹಳೆಯದರ ಕಪ್ಪು ಕವಚದಲ್ಲಿ ಒಂದು ಮೂಲೆಯೇ ಇರಲಿಲ್ಲ. ಅದನ್ನು ಗುಜರಿ ಮೂಟೆಯ ತಳಕ್ಕೆ ತುರುಕಿದರು. ಎಂಟು ಗಂಟೆಗೆ ಬಂದ ಬ್ಯಾಂಕಿನ ಗುಮಾಸ್ತ ಕಾರು ಸುತ್ತಿ ಬಂದು, ಹೊಸ ಕನ್ನಡಿ ಬಂದಿದೆಯಲ್ಲ, ಈ ಸಲ ಯಾರ ಕೈಚಳಕ ಎಂದು ಹಲ್ಲು ಕಿರಿದ. ಮೇಷ್ಟ್ರೂ ನಕ್ಕರು. ಊರಿನ ಬೇರೆ ಯಾವ ಕಾರಿಗೆ ಹೊಸ ಗೀರು ಬಿದ್ದರೂ ನಾಲ್ಕು ಜನ ಕೇಳಿಯಾರು, ಈ ಕಾರಿಗೆ ಕೇಳುವವರಿಲ್ಲ.

ಹನ್ನೊಂದಕ್ಕೆ ಸುದ್ದಿ ಬಂತು. ಬಿದ್ದವನು ಬೀಗದಣ್ಣ.

ಮೂರು ಬೀದಿ ಆಚೆ ಮರದ ಪೆಟ್ಟಿಗೆ ಇಟ್ಟುಕೊಂಡು ಕೂರುವ, ಡೂಪ್ಲಿಕೇಟ್ ಕೀ ಮಾಡುವ ಬೀಗದಣ್ಣ. ಇನ್ನೂ ಹಲ್ಲು ಕೊರೆಯದ ನೂರಾರು ಕೀಗಳನ್ನು ದಪ್ಪ ತಂತಿಯ ಬಳೆಗೆ ಪೋಣಿಸಿ, ಅದನ್ನು ಹೆಗಲಿಗೆ ಹಾಕಿಕೊಂಡು ಸೈಕಲ್ಲಿನಲ್ಲಿ ಬರುತ್ತಿದ್ದ. ಅವನು ಬರುತ್ತಿರುವುದು ಬೀದಿಯವರಿಗೆ ಕಣ್ಣಿಗಿಂತ ಮೊದಲು ಕಿವಿಗೆ ಗೊತ್ತಾಗುತ್ತಿತ್ತು. ಅರ್ಧ ಊರಿನ ಬಾಗಿಲು ತೆರೆಯುವ ವಿದ್ಯೆ ಗೊತ್ತಿದ್ದೂ ಯಾರ ಮನೆಯ ಹೊಸಿಲನ್ನೂ ಕರೆಯದೆ ದಾಟಿದವನಲ್ಲ. ರಸ್ತೆಯಲ್ಲಿ ಹೊಳೆಯುತ್ತಿದ್ದದ್ದು ಏನೆಂದು ಮೇಷ್ಟ್ರಿಗೆ ಆಗ ತಿಳಿಯಿತು.

ಮನೆಯಲ್ಲಿ ಹೆಂಡತಿಗೆ ವಿಷಯ ಆಗಲೇ ಮುಟ್ಟಿತ್ತು. ಗುದ್ದಿದವನಿಗೆ ಹಿಡಿಶಾಪ ಹಾಕುತ್ತಲೇ ಫ್ಲಾಸ್ಕಿಗೆ ಬಿಸಿ ಹಾಲು ತುಂಬಿದರು. ಬೀಗದಣ್ಣನ ಹೆಂಡತಿ ಬೆಳಿಗ್ಗೆಯಿಂದ ಏನೂ ತಿಂದಿರಲಿಕ್ಕಿಲ್ಲ, ಕೊಟ್ಟು ಬನ್ನಿ, ನಿಂತ ಕಾಲಲ್ಲಿ ಬರಬೇಡಿ, ಸ್ವಲ್ಪ ಕೂತು ಧೈರ್ಯ ಹೇಳಿ ಎಂದರು. ಬೇಡ ಎನ್ನಲು ಯಾವ ನೆಪವೂ ಹೊಳೆಯದೆ ಮೇಷ್ಟ್ರು ಫ್ಲಾಸ್ಕು ಹಿಡಿದು ಹೊರಟರು.

ಆಸ್ಪತ್ರೆಯ ಕಾರಿಡಾರಿನ ಬೆಂಚಿನ ಮೇಲೆ ಬೀಗದಣ್ಣನ ಹೆಂಡತಿ ಕೂತಿದ್ದಳು. ಮಡಿಲಲ್ಲಿ ಕೀಗಳ ಬಳೆ. ಕಸದ ಲಾರಿಯವರು ಅವನನ್ನು ಎತ್ತಿ ತಂದಾಗ ಕೀಗಳನ್ನೂ ಒಂದೊಂದಾಗಿ ಆರಿಸಿ ತಂದಿದ್ದರಂತೆ. ಒಳಗೆ ಅವನಿಗೆ ಪ್ರಜ್ಞೆಯಿಲ್ಲ. ತಲೆಯೊಳಗೆ ರಕ್ತ ಹೆಪ್ಪುಗಟ್ಟಿದೆ. ಲಾರಿ ಬರುವವರೆಗೆ ಮುಕ್ಕಾಲು ಗಂಟೆ ರಸ್ತೆಯಲ್ಲೇ ಬಿದ್ದಿದ್ದಾನೆ. ಆಗಲೇ ತಂದಿದ್ದರೆ ಮಾತೇ ಬೇರೆ ಇತ್ತು ಎಂದು ಡಾಕ್ಟರು ಹೇಳಿದ್ದನ್ನು ಅವಳು ಮೇಷ್ಟ್ರಿಗೆ ಎರಡು ಸಲ ಹೇಳಿದಳು. ಮುಕ್ಕಾಲು ಗಂಟೆ. ಆ ಮುಕ್ಕಾಲು ಗಂಟೆಯಲ್ಲಿ ಮೇಷ್ಟ್ರು ಕನ್ನಡಿ ಕೂರಿಸಿ, ಸ್ಕ್ರೂ ಬಿಗಿ ಮಾಡಿ, ಕೈ ತೊಳೆದುಕೊಂಡಿದ್ದರು.

"ಮೇಷ್ಟ್ರೇ, ನಿಮಗೆ ರೂಲ್ಸೆಲ್ಲ ಗೊತ್ತು. ಗುದ್ದಿದೋರು ಓಡಿ ಹೋದ್ರೆ ನಮ್ಮಂಥೋರು ಏನ್ ಮಾಡ್ಬೇಕು? ನಂಗೆ ಕೈಕಾಲೇ ಆಡ್ತಿಲ್ಲ. ನೀವು ಹೇಳಿದ ಹಾಗೆ ಮಾಡ್ತೀನಿ."

ಮೇಷ್ಟ್ರು ಎದ್ದು ಹೋಗಬಹುದಿತ್ತು, ನನಗೂ ಅಷ್ಟು ಗೊತ್ತಿಲ್ಲಮ್ಮ ಎನ್ನಬಹುದಿತ್ತು. ಆದರೆ ಪಾಠ ಕೇಳಿದವರಿಗೆ ಇಲ್ಲವೆಂದು ಹೇಳಿ ಅವರಿಗೆ ಅಭ್ಯಾಸವಿಲ್ಲ. ಅವಳ ಮುಖ ನೋಡಿ ತಪ್ಪು ಪಾಠ ಹೇಳುವ ಎದೆಯೂ ಬರಲಿಲ್ಲ. ಹೇಳತೊಡಗಿದರು. ಸ್ಟೇಷನ್ನಿಗೆ ದೂರು ಬರವಣಿಗೆಯಲ್ಲೇ ಕೊಡಬೇಕು, ಸೀಲು ಹಾಕಿದ ನಕಲು ಇಸಿದುಕೊಳ್ಳದೆ ಬರಬಾರದು. ರಸ್ತೆ ಅಪಘಾತವೆಂದು ಆಸ್ಪತ್ರೆಯ ಕಾಗದದಲ್ಲಿ ನಮೂದಾಗಿದೆಯೇ ನೋಡಬೇಕು. ಸೈಕಲ್ಲನ್ನು ರಿಪೇರಿಗೆ ಕೊಡಬಾರದು, ಅವನ ಬಟ್ಟೆ ಒಗೆಯಬಾರದು, ಅವುಗಳಿಗೆ ಕಾರಿನ ಬಣ್ಣ ಹತ್ತಿರುತ್ತದೆ. ಗೋದಾಮಿನ ಗೇಟುಗಳಲ್ಲಿ ಕ್ಯಾಮೆರಾ ಇದ್ದರೆ ಇವತ್ತೇ ಕೇಳಬೇಕು, ಕೆಲವು ದಿನಕ್ಕೆ ತಾನಾಗಿಯೇ ಅಳಿಸಿ ಹೋಗುತ್ತದೆ. ಬಿದ್ದ ಜಾಗದಲ್ಲಿ ಗಾಜು, ಪ್ಲಾಸ್ಟಿಕ್ಕು, ಏನು ಸಿಕ್ಕರೂ ಕಾಗದದಲ್ಲಿ ಸುತ್ತಿಡಬೇಕು. ಅವಳು ಬೆರಳು ಮಡಚುತ್ತ ಒಂದೊಂದನ್ನೂ ಮತ್ತೆ ಹೇಳಿ ಒಪ್ಪಿಸಿದಳು. ಒಂದನ್ನು ಮರೆತಾಗ ಮೇಷ್ಟ್ರೇ ನೆನಪು ಮಾಡಿಕೊಟ್ಟರು. ತನ್ನನ್ನು ಹಿಡಿಯುವುದು ಹೇಗೆಂದು ತಾನೇ ಕೂತು ಬಾಯಿಪಾಠ ಮಾಡಿಸಿದ ಮಹಾನುಭಾವ ಇನ್ನೊಬ್ಬನಿದ್ದರೆ ತೋರಿಸಿ.

ಮಾರನೇ ದಿನ ಹತ್ತು ಗಂಟೆಗೆ ಅವಳು ಸ್ಕೂಲಿಗೇ ಬಂದಳು. ಬೇಕರಿ ಅಕ್ಕ ಕ್ಲಾಸಿಗೆಂದು ಬಂದು ಬೆಂಚಿನ ಮೇಲೆ ಕೂತಿದ್ದಳು. ಬೀಗದಣ್ಣನ ಹೆಂಡತಿಯ ಸೀರೆ ಮಂಡಿಯ ಹತ್ತಿರ ಮಣ್ಣಾಗಿತ್ತು. ಬೆಳಗಾಗುತ್ತಲೇ ಆ ರಸ್ತೆಗೆ ಹೋಗಿ ಮಂಡಿಯೂರಿ ಹುಡುಕಿದ್ದಳು. ಮೇಜಿನ ಮೇಲೆ ಕಾಗದದ ಪೊಟ್ಟಣ ಬಿಚ್ಚಿದಳು. ಮೂರು ಬೆರಳಗಲದ ಕಪ್ಪು ಪ್ಲಾಸ್ಟಿಕ್ಕು.

ನೀವು ಹೇಳಿದ ಹಾಗೇ ಸಿಕ್ಕಿತು, ಇದು ಯಾವ ಕಾರಿನದು ಹೇಳಿ ಎಂದಳು. ಕ್ಯಾಮೆರಾದಲ್ಲಿ ಬೆಳಗಿನ ಮಬ್ಬಿಗೆ ಬಿಳಿ ಕಾರು ಎಂಬುದಷ್ಟೇ ಕಾಣುತ್ತದಂತೆ. ಹಾಗಾಗಿ ಅವಳ ಆಸೆಯೆಲ್ಲ ಈ ಚೂರಿನ ಮೇಲೆ. ಮೇಷ್ಟ್ರು ಅದನ್ನು ಕೈಯಲ್ಲಿ ಹಿಡಿದು ಹಿಂದೆ ಮುಂದೆ ತಿರುಗಿಸಿದರು. ಗುಜರಿ ಮೂಟೆ ಅವರ ಕುರ್ಚಿಯ ಹಿಂದೆಯೇ ಇತ್ತು.

"ಇಂಥದ್ದು ಎಲ್ಲಾ ಕಾರಿಗೂ ಇರತ್ತಮ್ಮ. ಹೇಳೋಕಾಗಲ್ಲ."

ಅವಳ ಮುಖ ಇಳಿದು ಹೋಯಿತು. ನಿಮ್ಮ ಹೊತ್ತು ಹಾಳು ಮಾಡಿದೆ ಎಂದು ತಾನೇ ಸಂಕೋಚಪಟ್ಟು, ಚೂರನ್ನು ಮತ್ತೆ ಜೋಪಾನವಾಗಿ ಸುತ್ತಿದಳು. ಸ್ಟೇಷನ್ನಿನವರು ದೂರು ಬರೆದು ತನ್ನಿ ಎಂದಿದ್ದಾರೆ, ನನಗೆ ಅಕ್ಷರ ಕೂಡಿಸುವುದೇ ಕಷ್ಟ, ಸಂಜೆ ಆಸ್ಪತ್ರೆಗೆ ಬಂದು ನೀವೇ ಬರೆದುಕೊಡಿ ಎಂದು ಕೇಳಿದಳು. ಮೇಷ್ಟ್ರು ಆಗಲಿ ಎಂದರು. ಹೊಸಿಲು ದಾಟುವಾಗ ತಿರುಗಿ, ಇವರು ಇನ್ನೂ ಕಣ್ಣೇ ಬಿಟ್ಟಿಲ್ಲ ಮೇಷ್ಟ್ರೇ, ಒಂದು ಮಾತೂ ಆಡಿಲ್ಲ ಎಂದು ಹೇಳಿ ಹೋದಳು.

ಬೇಕರಿ ಅಕ್ಕ ಎದ್ದು ಹೊರಗೆ ಹೋದಳು. ಕಾರಿನ ಬಲಗಡೆಯ ಕನ್ನಡಿ ಬಿಸಿಲಿಗೆ ಬೂದುಬಣ್ಣಕ್ಕೆ ತಿರುಗಿ, ಗೀರು ಬಿದ್ದು, ಅಂಚಿನಲ್ಲಿ ಟೇಪು ಸುತ್ತಿಕೊಂಡಿತ್ತು. ಎಡಗಡೆಯದು ಫಳಫಳ ಹೊಳೆಯುತ್ತಿತ್ತು. ಎರಡನ್ನೂ ನೋಡಿ ಒಳಗೆ ಬಂದಳು. ಕೂರಲಿಲ್ಲ.

"ನಿಲ್ಲಿಸ್ಲಾ ಅಂತ ನಾನು ಕೇಳ್ದೆ ಸಾರ್."

ಆಗ ಮೇಷ್ಟ್ರು ಆಡಿದ ಮಾತುಗಳನ್ನು ಬರೆಯಲು ನನಗೇ ನಾಚಿಕೆಯಾಗುತ್ತದೆ. ಮೊದಲು ಕೋಪಿಸಿಕೊಂಡರು, ನಿನಗೇನು ಗೊತ್ತು ಎಂದು ಗದರಿದರು. ಆಮೇಲೆ ಅಂಗಲಾಚಿದರು. ನಿನ್ನ ಮೇಲೆ ಒಂದಿಷ್ಟೂ ಬರದ ಹಾಗೆ ನೋಡಿಕೊಳ್ಳುತ್ತೇನೆ, ನಾಲ್ಕು ದಿನದಲ್ಲಿ ಟೆಸ್ಟಿದೆ, ಅದೊಂದು ಮುಗಿಯಲಿ, ವ್ಯಾನಿನ ಕೆಲಸ ಕೈತಪ್ಪಿಸಿಕೊಳ್ಳಬೇಡ, ಆಮೇಲೆ ಯೋಚಿಸೋಣ ಎಂದರು. ಅಕ್ಕ ಎಲ್ಲವನ್ನೂ ಪೂರ್ತಿ ಕೇಳಿಸಿಕೊಂಡಳು.

"ನಂಗೆ ಲೈಸೆನ್ಸು ಬೇಡ ಸಾರ್, ನಿದ್ದೆ ಬೇಕು. ಸ್ಟೇರಿಂಗ್ ನನ್ ಕೈಲಿತ್ತು. ಸಂಜೆವರೆಗೂ ನೋಡ್ತೀನಿ. ನೀವು ಹೇಳ್ಲಿಲ್ಲ ಅಂದ್ರೆ ನಾನೇ ಹೋಗಿ ನಾನೇ ಗುದ್ದಿದ್ದು ಅಂತೀನಿ."

ಅವಳು ಹೋದ ಮೇಲೆ ಮೇಷ್ಟ್ರು ಒಳಗಿನಿಂದ ಚಿಲಕ ಹಾಕಿಕೊಂಡರು. ಮಧ್ಯಾಹ್ನದ ಕ್ಲಾಸಿನವರು ಬಂದು ಬಾಗಿಲು ತಟ್ಟಿ ತಟ್ಟಿ ಹೋದರು. ದೂರದ ಊರಿನಲ್ಲಿದ್ದ ತನ್ನ ಒಡಹುಟ್ಟಿದ ಅಕ್ಕನ ಮನೆಗೆ ಹೋಗಿ ಒಂದು ತಿಂಗಳು ಇದ್ದುಬಿಟ್ಟರೆ ಎಂದು ಯೋಚಿಸಿದರು. ಕಾರನ್ನು ಗುಜರಿಗೆ ಹಾಕಿದರೆ, ಬೇಕರಿ ಅಕ್ಕನೇ ಗುದ್ದಿದ್ದು, ನನ್ನ ಮಾತು ಕೇಳಲಿಲ್ಲ ಎಂದರೆ. ಹೌದು, ಅದನ್ನೂ ಯೋಚಿಸಿದರು. ಕಲಿಯುವವರು ಏನು ಮಾಡಿದರೂ ಹೊಣೆ ಪಕ್ಕದಲ್ಲಿ ಕೂತವನದು ಎಂದು ಅವರೇ ಗೋಡೆಗೆ ಬರೆಸಿ ಹಾಕಿದ್ದರು. ಆದರೂ ಒಂದು ಗಳಿಗೆ ಆ ಹೆಣ್ಣುಮಗಳನ್ನು ಮುಂದೆ ತಳ್ಳಿ ತಾನು ಹಿಂದೆ ನಿಲ್ಲುವ ಲೆಕ್ಕ ಹಾಕಿದರು. ಆಮೇಲೆ ತನ್ನ ಕೈಗಳನ್ನು ತಾನೇ ನೋಡಲಾಗದೆ ಮೇಜಿನ ಕೆಳಗೆ ಇಟ್ಟುಕೊಂಡರು. ಹೆಂಡತಿಗಾದರೂ ಹೇಳೋಣವೆಂದು ಫೋನು ಮಾಡಿದರು. ಇವರು ಹಲೋ ಎನ್ನುವ ಮೊದಲೇ ಆಕೆ, ಹಾಲು ಕುಡಿದಳಾ ಪಾಪ ಎಂದು ಕೇಳಿದರು. ಮೇಷ್ಟ್ರು ಹೂಂ ಎಂದು ಫೋನಿಟ್ಟರು.

ಐದು ಗಂಟೆಗೆ ಎದ್ದರು. ಗುಜರಿ ಮೂಟೆ ಬಿಚ್ಚಿ, ತಳದಿಂದ ಒಡೆದ ಕನ್ನಡಿ ತೆಗೆದು ಚೀಲಕ್ಕೆ ಹಾಕಿಕೊಂಡರು. ಕಾರು ಮುಟ್ಟಲಿಲ್ಲ. ಮೂರು ಮೈಲಿ ನಡೆದೇ ಹೋದರು. ದಾರಿಯಲ್ಲಿ ಇಬ್ಬರು ಹಳೆಯ ಶಿಷ್ಯರು ಕಾರು ನಿಲ್ಲಿಸಿ, ಬನ್ನಿ ಸಾರ್ ಬಿಡುತ್ತೇವೆ ಎಂದರು. ಬೇಡವೆಂದರು. ಒಂದೆರಡು ಸಲ ಕಾಲು ತಾನಾಗಿಯೇ ನಿಂತಿತು. ಒಮ್ಮೆಯಂತೂ ತಿರುಗಿ ನೂರು ಹೆಜ್ಜೆ ವಾಪಸ್ಸು ಬಂದೂ ಬಿಟ್ಟಿದ್ದರು. ಬೇಕರಿಯ ದೀಪ ಕಂಡು, ಕೌಂಟರಿನ ಹಿಂದೆ ಅಕ್ಕ ಗಡಿಯಾರ ನೋಡುತ್ತಿದ್ದದ್ದು ಕಂಡು ಮತ್ತೆ ಆಸ್ಪತ್ರೆಯ ಕಡೆಗೆ ತಿರುಗಿದರು.

ಕಾರಿಡಾರಿನಲ್ಲಿ ಅದೇ ಬೆಂಚು. ಬೀಗದಣ್ಣನಿಗೆ ಮಧ್ಯಾಹ್ನದಿಂದ ಮಷೀನಿನಲ್ಲಿ ಉಸಿರಾಟ. ರಾತ್ರಿ ಕಳೆಯುವುದು ಕಷ್ಟ ಎಂದು ಡಾಕ್ಟರು ಹೇಳಿ ಹೋಗಿದ್ದರು. ಅತ್ತು ಅತ್ತು ಸುಸ್ತಾಗಿದ್ದ ಅವನ ಹೆಂಡತಿ ಮೇಷ್ಟ್ರನ್ನು ಕಂಡು ಸೆರಗು ಸರಿಮಾಡಿಕೊಂಡು, ಬರುತ್ತೀರೋ ಇಲ್ಲವೋ ಅಂದುಕೊಂಡಿದ್ದೆ ಎಂದು ಪಕ್ಕಕ್ಕೆ ಸರಿದು ಜಾಗ ಕೊಟ್ಟಳು.

ಮೇಷ್ಟ್ರು ತೊಡೆಯ ಮೇಲೆ ಪ್ಯಾಡು ಇಟ್ಟುಕೊಂಡು ಬರೆಯತೊಡಗಿದರು. ಅವಳು ಹೇಳುತ್ತಾ ಹೋದಳು, ಗಂಡನ ಹೆಸರು, ವಯಸ್ಸು, ಮನೆಯಿಂದ ಹೊರಟ ಹೊತ್ತು, ರಸ್ತೆ. ಅವಳಿಗೆ ಗೊತ್ತಿರುವುದು ಅಲ್ಲಿಗೆ ಮುಗಿಯಿತು. ಮುಂದಿನದು ನೀವೇ ಸರಿಯಾಗಿ ಬರೆಯಿರಿ, ಗುದ್ದಿದ ಗಾಡಿ ಯಾವುದೆಂದು ಗೊತ್ತಿಲ್ಲ ಎಂದು ಹಾಕಿ ಎಂದಳು. ಮೇಷ್ಟ್ರ ಪೆನ್ನು ನಿಂತಿತು. ಆಮೇಲೆ ನಾಲ್ಕು ಸಾಲು ಬರೆದರು.

ಓದಿ ಹೇಳಿ ಎಂದಳು. ಮೇಷ್ಟ್ರು ಓದಿದರು. ಬೆಳಿಗ್ಗೆ ಆರೂಮುಕ್ಕಾಲರ ಸುಮಾರಿಗೆ, ಕಾರು ಕಲಿಸುವ ಶಾಲೆಯ ಬಿಳಿ ಕಾರು. ಅದರ ನಂಬರು ಓದಿದರು. ಓಡಿಸುತ್ತಿದ್ದಾಕೆ ಕಲಿಯುವವಳು, ನಿಲ್ಲಿಸಲೇ ಎಂದು ಕೇಳಿದಳು. ಪಕ್ಕದಲ್ಲಿ ಕೂತಿದ್ದ ಕಲಿಸುವವನು ನಿಲ್ಲಿಸಬೇಡ ಎಂದನು. ಬಿದ್ದವರನ್ನು ಕನ್ನಡಿಯಲ್ಲಿ ಕಂಡ ಮೇಲೂ ಹಾಗೇ ಹೋಗಲು ಹೇಳಿದನು. ತಪ್ಪು ಪೂರ್ತಿ ಅವನದು.

ಅವಳು ಕೇಳಿಸಿಕೊಳ್ಳುತ್ತಾ ತಲೆಯಾಡಿಸುತ್ತಿದ್ದಳು, ಮೇಷ್ಟ್ರು ಹೇಗೋ ಪತ್ತೆ ಹಚ್ಚಿಬಿಟ್ಟರಲ್ಲ ಎಂಬಂತೆ. ಆ ಕಲಿಸುವವನು ಯಾರು ಎಂದು ಕೇಳಿದಳು.

"ನಾನೇ ಅಮ್ಮ."

ಮೇಷ್ಟ್ರು ಕಣ್ಣು ಮುಚ್ಚಿಕೊಂಡರು. ಅವಳು ಕಿರುಚಲಿ, ಕೊರಳಪಟ್ಟಿ ಹಿಡಿಯಲಿ, ಚಪ್ಪಲಿ ತೆಗೆದುಕೊಳ್ಳಲಿ ಎಂದು ಕಾದರು. ಏನಾದರೂ ಆದರೆ ಸಾಕಾಗಿತ್ತು ಅವರಿಗೆ. ಏನೂ ಆಗಲಿಲ್ಲ. ಬಂದದ್ದು ಅವಳ ದನಿ, ತೀರಾ ಸಣ್ಣಗೆ.

"ಹಾಗಾದ್ರೆ ಕೊನೇಲಿ ಇವರ ಹತ್ರ ಇದ್ದೋರು ನೀವೇ. ಬಿದ್ದಾಗ ಏನಾದ್ರೂ ಅಂದ್ರಾ? ನನ್ನ ಹೆಸರು ಹಿಡಿದು ಕರೆದ್ರಾ?"

ಇಪ್ಪತ್ತಾರು ವರ್ಷ ಯಾರು ಏನು ಕೇಳಿದರೂ ಉತ್ತರವಿದ್ದ ಮನುಷ್ಯ.

"ಗೊತ್ತಿಲ್ಲಮ್ಮ. ನಾನು ನಿಲ್ಲಿಸ್ಲಿಲ್ಲ."

ಅವಳು ಅವರ ಕೈಯಿಂದ ಪೆನ್ನು ತೆಗೆದುಕೊಂಡಳು. ಕಾಗದವನ್ನು ಬೆಂಚಿನ ಮೇಲೆ ಹರವಿ, ತನಗೆ ಬರುವ ನಾಲ್ಕಕ್ಷರವನ್ನು ಒಂದೊಂದಾಗಿ ಕೂಡಿಸಿ, ಕೆಳಗೆ ತನ್ನ ಹೆಸರು ಬರೆದಳು.